ಮಗಳು ಕ್ಲಾಸಿಗೆ ಹೋಗುತ್ತಿಲ್ಲ, ಕೇಳಿದರೆ ಏನೂ ಆಗಿಲ್ಲ ಅನ್ನುತ್ತಾಳೆ

ಪ್ರಶ್ನೆ: ನಮ್ಮದು ತಿಪಟೂರಿನ ಹತ್ತಿರ ಒಂದು ಹಳ್ಳಿ, ತೆಂಗಿನ ತೋಟ ಇದೆ. ಮಗಳಿಗೆ 19 ವರ್ಷ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಸಿಇಟಿಯಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ವಿಜಯನಗರದಲ್ಲಿ ಪಿಜಿಯಲ್ಲಿದ್ದಾಳೆ. ಈಗ ಮೂರನೇ ಸೆಮಿಸ್ಟರ್, ಎರಡು ವಿಷಯ ಬ್ಯಾಕ್ ಉಳಿದಿವೆ. ಒಂದೂವರೆ ತಿಂಗಳಿಂದ ಸರಿಯಾಗಿ ಕ್ಲಾಸಿಗೆ ಹೋಗುತ್ತಿಲ್ಲ. ರಾತ್ರಿ ಎದ್ದಿರುತ್ತಾಳೆ, ಹಗಲು ಮಲಗುತ್ತಾಳೆ, ಊಟ ಬಿಡುತ್ತಾಳೆ. ಕೇಳಿದರೆ ‘ನಂಗೇನೂ ಆಗಿಲ್ಲ’ ಅನ್ನುತ್ತಾಳೆ. ಕಾಲೇಜಿನ ಮೆಂಟರ್ ಮೇಡಂ ಫೋನ್ ಮಾಡಿ ಕೌನ್ಸೆಲಿಂಗ್ ಕೊಡಿಸಿ ಎಂದರು. ಅವಳ ಅಪ್ಪ ‘ನಮ್ಮ ಹುಡುಗಿಗೇನು ಹುಚ್ಚಾ?’ ಎಂದು ರೇಗಿದರು. ಅಲ್ಲಿ ಹೇಳಿದ್ದು ಪ್ರಿನ್ಸಿಪಾಲರಿಗೆ ಹೋಗುತ್ತದಾ? ಮುಂದೆ ಮದುವೆಗೆ ತೊಂದರೆಯಾಗುತ್ತದಾ? ಮಾತ್ರೆ ಕೊಟ್ಟರೆ ಅದೇ ಅಭ್ಯಾಸವಾಗುತ್ತದಾ? ಮನೆದೇವರಿಗೆ ಹರಕೆ ಹೊತ್ತಿದ್ದೇನೆ. ಹೋದ ವಾರ ‘ನಾನಿಲ್ದೇ ಇದ್ದಿದ್ರೆ ನಿಮಗೆ ಖರ್ಚಾದ್ರೂ ಉಳೀತಿತ್ತು’ ಎಂದು ಮೆಸೇಜ್ ಹಾಕಿದ್ದಳು. ಬೇಜಾರಿಗೆ ಹೇಳಿದಳೇನೋ ಎಂದು ಸುಮ್ಮನಾದೆ.

ಉತ್ತರ: ನೀವು ಪತ್ರದ ಕೊನೆಗೆ ಬರೆದ ಮಾತೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಬ್ಯಾಕ್, ಹಾಜರಾತಿ, ಮದುವೆ ಎಲ್ಲವೂ ಅದರ ನಂತರ. ಮನೆಯವರಿಗೆ ತಾನು ಹೊರೆ ಎಂದು ಮಕ್ಕಳು ಹೇಳಿದಾಗ ಅದನ್ನು ಬೇಜಾರಿನ ಮಾತು ಎಂದು ಬಿಡಬಾರದು. ಆತ್ಮಹತ್ಯೆಯ ಯೋಚನೆ ಇರುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಅದೇ. ನಿಮ್ಮ ಮಗಳ ಮನಸ್ಸಿನಲ್ಲಿ ಅದು ಇದೆ ಎಂದು ಇಲ್ಲಿಂದ ಹೇಳಲು ಬರುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಇವತ್ತೇ ಕೇಳಿ.

ನೇರವಾಗಿ ಕೇಳಿ. ‘ಪುಟ್ಟಿ, ಅವತ್ತು ನೀನು ಕಳಿಸಿದ ಮೆಸೇಜ್ ನನ್ನ ಮನಸ್ಸಲ್ಲೇ ಉಳಿದಿದೆ. ಬದುಕೋದೇ ಬೇಡ, ಸತ್ತುಹೋಗೋಣ ಅಂತ ಯಾವಾಗ್ಲಾದ್ರೂ ಅನಿಸುತ್ತಾ? ಏನೇ ಇದ್ರೂ ಹೇಳು, ನಾನು ಬಯ್ಯಲ್ಲ.’ ಇಷ್ಟು ಸಾಕು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬಹಳ ಜನರಿಗಿದೆ. ಹಾಗೆ ಆಗುವುದಿಲ್ಲ, ಯೋಚನೆ ಇದ್ದವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ, ಇಲ್ಲದವರು ಇಲ್ಲ ಎನ್ನುತ್ತಾರೆ. ‘ಹಂಗೆಲ್ಲ ಯೋಚನೆ ಮಾಡಲ್ಲ ತಾನೆ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯಲ್ಲೇ ಉತ್ತರ ಅಡಗಿದೆ, ಅವಳು ‘ಇಲ್ಲ’ ಎಂದುಬಿಡುತ್ತಾಳೆ.

ಹೌದು ಎಂದರೆ ಗಾಬರಿ ತೋರಿಸದೆ ಇನ್ನೂ ಮೂರು ವಿಷಯ ಕೇಳಬೇಕು: ಅದು ಎಷ್ಟು ಸಲ ಬರುತ್ತದೆ, ಹೇಗೆ ಯಾವಾಗ ಎಂದು ಯೋಚಿಸಿಟ್ಟಿದ್ದಾಳೆಯೇ, ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದಾಳೆಯೇ. ಹೇಗೆ ಎಂದು ಯೋಚಿಸಿಟ್ಟಿದ್ದರೆ ಅಥವಾ ಹಿಂದೆ ಪ್ರಯತ್ನಿಸಿದ್ದರೆ ಅವಳನ್ನು ಒಂಟಿಯಾಗಿ ಬಿಡಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ನೀವು ಊರಿನಲ್ಲಿದ್ದು ಅವಳು ಅಲ್ಲಿದ್ದರೆ ಮೊದಲು ರೂಮ್‌ಮೇಟ್‌ಗೋ ಪಿಜಿ ನೋಡಿಕೊಳ್ಳುವವರಿಗೋ ಹೇಳಿ ಪಕ್ಕದಲ್ಲಿ ಕೂರಿಸಿ, ಆಮೇಲೆ ಹೊರಡಿ. ಆಂಬುಲೆನ್ಸ್‌ಗೆ 108, ತುರ್ತಿಗೆ 112. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಎಂದು ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅದಕ್ಕೆ ಹೆದರಿ ಒಂದು ಗಂಟೆಯೂ ತಡಮಾಡಬೇಡಿ.

‘ಯಾರಿಗೂ ಹೇಳಬೇಡ’ ಎಂದು ಅವಳು ಆಣೆ ಹಾಕಿಸಿಕೊಂಡರೆ ಒಪ್ಪಬೇಡಿ. ‘ನಿನ್ನ ಜೀವದ ವಿಷಯ ಬಿಟ್ಟು ಉಳಿದದ್ದು ನನ್ನ ಹತ್ರಾನೇ ಇರುತ್ತೆ’ ಎನ್ನಿ. ‘ಅಪ್ಪನ ಮುಖ ನೋಡಾದ್ರೂ’, ‘ಇಷ್ಟು ಖರ್ಚು ಮಾಡಿ ಓದಿಸ್ತಿದೀವಿ’ ಎಂಬ ಮಾತುಗಳು ಈಗ ಬೇಡವೇ ಬೇಡ. ತಾನೇ ಹೊರೆ ಎಂದುಕೊಂಡವಳ ತಲೆಯ ಮೇಲೆ ಅದು ಇನ್ನೊಂದು ಮೂಟೆ. ಅವಳು ಖರ್ಚಿನ ಮಾತೆತ್ತಿದ್ದಕ್ಕೆ ಲೆಕ್ಕ ಹೇಳಿ ಸಮಾಧಾನ ಮಾಡಲೂ ಹೋಗಬೇಡಿ. ‘ನೀನು ನಮಗೆ ಬೇಕು’ ಎಂಬ ಒಂದು ಮಾತು ಸಾಕು.

ಯೋಚನೆ ಬಂದು ಹೋಗುತ್ತದೆ, ಹೇಗೆ ಏನು ಎಂದೇನೂ ಇಲ್ಲ ಎಂದರೆ ಒಂದು ಕಾಗದ ತೆಗೆದುಕೊಂಡು ಜೊತೆಯಲ್ಲಿ ಕೂತು ಬರೆಯಿರಿ. ಮನಸ್ಸು ಕೆಡುವ ಮುಂಚೆ ಅವಳಿಗೇ ಕಾಣುವ ಸೂಚನೆಗಳು ಯಾವುವು, ಆಗ ಒಬ್ಬಳೇ ಏನು ಮಾಡಿದರೆ ಸ್ವಲ್ಪ ಹಗುರಾಗುತ್ತದೆ, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ನಂಬರಿಗೆ ಕರೆ ಮಾಡಬೇಕು. ಮಾತುಗಳು ಅವಳವೇ ಆಗಿರಲಿ. ಅದರ ಫೋಟೊ ಅವಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಕೊನೆಯ ಸಾಲು ಸುತ್ತಲಿನ ಜಾಗದ ಬಗ್ಗೆ: ರೂಮಿನಲ್ಲಿ ಉಳಿದ ಮಾತ್ರೆಗಳನ್ನು ಬೇರೆಯವರ ಕೈಗೆ ಕೊಡುವುದು, ಅವಳು ಊರಿಗೆ ಬಂದರೆ ತೋಟದ ಔಷಧಿಗಳಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳುವುದು. ಕೆಟ್ಟ ಗಳಿಗೆಯ ತೀವ್ರತೆ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಇಷ್ಟು ಸುಲಭದ, ಇಷ್ಟು ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಅವಳು ‘ಅಂಥದ್ದೇನಿಲ್ಲ’ ಎಂದರೂ ಈ ವಾರ ನೀವೊಬ್ಬರೇ ಬೆಂಗಳೂರಿಗೆ ಬಂದು ಎರಡು ದಿನ ಅವಳ ಜೊತೆ ಇರಿ. ಚಿಕ್ಕಪ್ಪ, ಮಾವ ಎಂದು ಪಂಚಾಯಿತಿ ಸೇರಿಸಬೇಡಿ. ಮೊದಲ ದಿನ ಓದಿನ ಸುದ್ದಿ ಎತ್ತಬೇಡಿ. ಜೊತೆಯಲ್ಲಿ ಊಟ ಮಾಡಿ, ಬಟ್ಟೆ ಒಗೆಯಿರಿ, ನಡೆದಾಡಿ. ಹುಡುಗರು ಎದುರುಬದುರು ಕೂತು ಹೇಳದ್ದನ್ನು ಪಕ್ಕದಲ್ಲಿ ನಡೆಯುವಾಗ ಹೇಳುತ್ತಾರೆ.

ಕ್ಲಾಸಿಗೆ ಹೋಗದಿರುವುದಕ್ಕೆ ಕಾರಣ ಒಂದೇ ಇರಬೇಕಿಲ್ಲ. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಊಟ ಕೆಡುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ಪ್ರಯೋಜನವಿಲ್ಲದವಳು ಎಂಬ ಭಾವನೆ ಎರಡು ವಾರ ದಾಟಿ ಹೆಚ್ಚುಕಡಿಮೆ ದಿನವೂ ಇದ್ದರೆ ಖಿನ್ನತೆ ಇದೆಯೇ ಎಂದು ನೋಡಿಸಬೇಕು. ನೀವು ಬರೆದಿರುವುದರಲ್ಲಿ ಅರ್ಧ ಇಲ್ಲೇ ಇದೆ. ಆದರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಬೇರೆ ಒಂದು ಕಷ್ಟವೂ ಇರುತ್ತದೆ. ಪಾಠ ಅರ್ಥವಾಗದಿದ್ದಾಗ ಎದ್ದು ಕೇಳಲು ಇಂಗ್ಲಿಷ್ ಬಾಯಿಗೆ ಬರುವುದಿಲ್ಲ, ಕೇಳದಿದ್ದರೆ ಮುಂದಿನ ಪಾಠವೂ ಕೈತಪ್ಪುತ್ತದೆ, ಆಮೇಲೆ ಕ್ಲಾಸಿನಲ್ಲಿ ಕೂರುವುದೇ ಅವಮಾನವೆನಿಸುತ್ತದೆ. ಊರಿನ ಶಾಲೆಗೆ ಮೊದಲಿಗಳಾಗಿದ್ದವಳಿಗೆ ಇದು ಇನ್ನೂ ಚುಚ್ಚುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಇದಲ್ಲದೆ ಪ್ರೀತಿಯ ವಿಚಾರ, ಯಾರದೋ ಕಿರುಕುಳ, ಸಾಲದ ಆ್ಯಪ್, ಆನ್‌ಲೈನ್ ಜೂಜು, ಫೋಟೊ ಇಟ್ಟುಕೊಂಡು ಬೆದರಿಸುವುದು, ಕುಡಿತ ಅಥವಾ ಗಾಂಜಾ ಇವುಗಳನ್ನೂ ಬಯ್ಯದೆ ಕೇಳಿ. ಆನ್‌ಲೈನ್ ಹಣದ ಮೋಸವಾಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ದೂರು ಕೊಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ವಿಟಮಿನ್ ಬಿ12. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ ಮೂರರಲ್ಲೂ ಸುಸ್ತು ಮತ್ತು ಮಂಕು ಬರುತ್ತದೆ. ಸಸ್ಯಾಹಾರಿಗಳಾಗಿದ್ದು ಹಾಲು ಮೊಸರೂ ಕಡಿಮೆಯಾದರೆ ಬಿ12 ಇಳಿಯುವುದು ಸಾಮಾನ್ಯ. ಆದರೆ ವರದಿಯಲ್ಲಿ ಏನೋ ಕಡಿಮೆ ಬಂತು, ಟಾನಿಕ್ ಕೊಟ್ಟರೆ ಆಯಿತು ಎಂದು ನಿಲ್ಲಿಸುವ ಮನೆಗಳು ಬಹಳ. ರಕ್ತ ಪರೀಕ್ಷೆ, ಮನಸ್ಸಿನ ತಪಾಸಣೆ ಎರಡೂ ಒಟ್ಟಿಗೇ ನಡೆಯಲಿ.

ಇನ್ನು ಯಾರ ಹತ್ತಿರ ಹೋಗುವುದು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿದವರು, ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು, ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಕೌನ್ಸೆಲರ್ ಎಂಬ ಫಲಕವನ್ನು ಮಾತ್ರ ಬೆಂಗಳೂರಿನಲ್ಲಿ ಯಾರು ಬೇಕಾದರೂ ಹಾಕಿಕೊಂಡಿರುತ್ತಾರೆ: ಎರಡು ವರ್ಷ ಮನಶ್ಶಾಸ್ತ್ರ ಓದಿದವರೂ ಇದ್ದಾರೆ, ಎರಡು ವಾರದ ಆನ್‌ಲೈನ್ ಕೋರ್ಸಿನವರೂ ಇದ್ದಾರೆ. ಏನು ಓದಿದ್ದೀರಿ, ಈ ವಯಸ್ಸಿನವರನ್ನು ನೋಡಿದ ಅನುಭವ ಎಷ್ಟು, ಕನ್ನಡದಲ್ಲಿ ಮಾತಾಡಬಹುದೇ, ಅಗತ್ಯ ಬಿದ್ದರೆ ಯಾವ ಮನೋವೈದ್ಯರಿಗೆ ಕಳಿಸುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದವರ ಹತ್ತಿರ ಹೋಗಬೇಡಿ. ಗ್ಯಾರಂಟಿ ಕೊಡುವವರು, ಮೊದಲ ದಿನವೇ ಇಪ್ಪತ್ತು ಭೇಟಿಗೆ ಮುಂಗಡ ಕೇಳುವವರು, ಜಾತಕ ತೆಗೆಯುವವರು, ಬುದ್ಧಿವಾದ ಹೇಳಿ ಕಳಿಸುವವರು ಬೇಡ. ಕನ್ನಡ ಬೇಕೇ ಬೇಕು ಎಂದು ಹಟ ಹಿಡಿಯಿರಿ. ದುಃಖವನ್ನು ಮನಸ್ಸಿನಲ್ಲೇ ಅನುವಾದ ಮಾಡಿ ಹೇಳುವಾಗ ಅರ್ಧ ದುಃಖ ಒಳಗೇ ಉಳಿದುಬಿಡುತ್ತದೆ.

ಮೊದಲ ಹೆಜ್ಜೆಗೆ ಫೋನ್ ಸಾಕು. ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕೆಂದರೆ ತಜ್ಞರಿಗೆ ಜೋಡಿಸುತ್ತಾರೆ. ಮಗಳಿಗಿಂತ ಮೊದಲು ನೀವೇ ಕರೆ ಮಾಡಿ ಇಲ್ಲಿ ಬರೆದದ್ದನ್ನು ಹೇಳಬಹುದು. ದೊಡ್ಡಾಸ್ಪತ್ರೆ ಎಂದರೆ ಅವಳು ಹಿಂದೇಟು ಹಾಕಿದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಯೋಗಕ್ಷೇಮ ಕೇಂದ್ರವಿದೆ, ಅಲ್ಲಿ ಆಸ್ಪತ್ರೆಯ ವಾತಾವರಣವಿಲ್ಲ. ಮೊದಲೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಖಾಸಗಿಯಲ್ಲಿ ಒಂದು ಭೇಟಿಗೆ ಸಾವಿರ ರೂಪಾಯಿ ದಾಟುವುದು ಮಾಮೂಲು. ವಾರಕ್ಕೊಂದರಂತೆ ಎರಡು ತಿಂಗಳು ನಡೆಸಲು ಆಗುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ನಡುವೆ ದುಡ್ಡಿಗಾಗಿ ನಿಂತುಹೋದರೆ ಅವಳು ಅದನ್ನೂ ತನ್ನ ತಪ್ಪು ಎಂದುಕೊಳ್ಳುತ್ತಾಳೆ.

ಕಾಲೇಜಿನಲ್ಲೇ ಕೌನ್ಸೆಲರ್ ಇದ್ದಾರೆಯೇ ಎಂದು ಮೆಂಟರ್ ಮೇಡಂ ಅವರನ್ನು ಕೇಳಿ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರೊಬ್ಬರನ್ನಾದರೂ ನೇಮಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅದನ್ನು ಕೇಳುವುದು ನಿಮ್ಮ ಹಕ್ಕು, ಉಪಕಾರ ಬೇಡಿದಂತಲ್ಲ. ಮಗಳ ಬಗ್ಗೆ ಯೋಚಿಸಿ ಫೋನ್ ಮಾಡಿದ ಆ ಮೇಡಂ ಮೇಲೆ ಸಿಟ್ಟಾಗಬೇಡಿ ಎಂದು ಮನೆಯವರಿಗೂ ಹೇಳಿ. ಇಂಥ ಕರೆ ಮಾಡುವ ಅಧ್ಯಾಪಕರು ಕಡಿಮೆ.

ಗುಟ್ಟಿನ ವಿಷಯ. ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಡುತ್ತದೆ. ಅವಳು ಹೇಳಿದ್ದನ್ನು ಕೌನ್ಸೆಲರ್ ಪ್ರಿನ್ಸಿಪಾಲರಿಗೆ ಒಪ್ಪಿಸುವಂತಿಲ್ಲ. ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವೇ ಸಂದರ್ಭಗಳಲ್ಲಿ ಬೇಕಾದಷ್ಟನ್ನು ಹೇಳುತ್ತಾರೆ. ಮೊದಲ ಭೇಟಿಯಲ್ಲೇ ‘ಏನನ್ನು ಯಾರಿಗೆ ಹೇಳುತ್ತೀರಿ?’ ಎಂದು ಅವಳೇ ಕೇಳಿಕೊಳ್ಳಲಿ. ಅಂಕಪಟ್ಟಿಯಲ್ಲಾಗಲಿ ವರ್ಗಾವಣೆ ಪತ್ರದಲ್ಲಾಗಲಿ ಇದು ಬರುವುದಿಲ್ಲ. ಇನ್ನೊಂದು ಮಾತು, ಸ್ವಲ್ಪ ಕಹಿ ಎನಿಸಬಹುದು: ಅವಳಿಗೆ 18 ತುಂಬಿದೆ, ಆದ್ದರಿಂದ ಅವಳ ಒಪ್ಪಿಗೆ ಇಲ್ಲದೆ ನಿಮಗೂ ಹೇಳುವುದಿಲ್ಲ. ಅದನ್ನು ಒಪ್ಪಿಕೊಳ್ಳಿ. ಅಮ್ಮನಿಗೂ ತಲುಪದ ಜಾಗ ಎಂಬ ನಂಬಿಕೆ ಇದ್ದರೇ ಅವಳು ಅಲ್ಲಿ ಬಾಯಿಬಿಡುವುದು. ಮದುವೆಯ ಚಿಂತೆ ಇದ್ದರೆ, ಸುದ್ದಿ ಊರಿಗೆ ಹೋಗುವುದು ಆಸ್ಪತ್ರೆಯಿಂದಲ್ಲ, ನಮ್ಮ ಮನೆಗಳಿಂದಲೇ. ಯಾರಿಗೆ ಹೇಳಬೇಕು ಎಂಬುದನ್ನು ಮಗಳನ್ನೇ ಕೇಳಿ ತೀರ್ಮಾನಿಸಿ.

ಕೌನ್ಸೆಲಿಂಗ್ ಎಂದರೆ ಉಪದೇಶವಲ್ಲ. ಮೊದಲ ಭೇಟಿ 45 ನಿಮಿಷದಿಂದ ಒಂದು ಗಂಟೆ. ನಿದ್ರೆ, ಊಟ, ಓದು, ಮನೆ, ಸ್ನೇಹಿತರು, ಸಾಯುವ ಯೋಚನೆ ಎಲ್ಲವನ್ನೂ ಕೇಳುತ್ತಾರೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಹಾಳೆ ಕೊಡಬಹುದು. ಕಳೆದ ಎರಡು ವಾರದ ಲೆಕ್ಕ, ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು ಎಂದು ಅರ್ಥ, ರೋಗ ಖಚಿತವಾಯಿತು ಎಂದಲ್ಲ. ಆಮೇಲೆ ವಾರಕ್ಕೊಂದು ಭೇಟಿ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಅಂದರೆ ಸಿಬಿಟಿ, ಸಾಮಾನ್ಯವಾಗಿ 12ರಿಂದ 16 ಭೇಟಿ ಹಿಡಿಯುತ್ತದೆ. ಹೆಚ್ಚಿನವರು ಎಡವುವುದು ಎರಡನೇ ಮೂರನೇ ಭೇಟಿಯ ಹೊತ್ತಿಗೆ. ಮುಚ್ಚಿಟ್ಟದ್ದು ಹೊರಬಂದಾಗ ಒಂದೆರಡು ದಿನ ಮನಸ್ಸು ಇನ್ನೂ ಭಾರವಾಗುತ್ತದೆ, ‘ಇದರಿಂದ ಜಾಸ್ತಿಯಾಯ್ತು’ ಎಂದು ಬಿಟ್ಟುಬಿಡುತ್ತಾರೆ. ಗಾಯ ತೊಳೆದಾಗ ಉರಿಯುವ ಹಾಗೆ ಅದು. ಬಿಡುವ ಬದಲು ಅದನ್ನೇ ಮುಂದಿನ ಭೇಟಿಯಲ್ಲಿ ಹೇಳಬೇಕು. ನಾಲ್ಕೈದು ಭೇಟಿಯ ನಂತರವೂ ಆ ವ್ಯಕ್ತಿಯ ಜೊತೆ ಮನಸ್ಸು ಕೂಡದಿದ್ದರೆ ಕೌನ್ಸೆಲರ್ ಬದಲಾಯಿಸಿ, ಕೌನ್ಸೆಲಿಂಗ್ ಬಿಡಬೇಡಿ.

ಕೌನ್ಸೆಲಿಂಗ್‌ನಲ್ಲಿ ಕೆಲಸ ಬಹಳ ಸಣ್ಣದರಿಂದ ಶುರುವಾಗುತ್ತದೆ. ಮನಸ್ಸು ಸರಿಯಿಲ್ಲವೆಂದು ಹೊರಗೆ ಹೋಗುವುದಿಲ್ಲ. ಹೋಗದಿದ್ದರೆ ಖುಷಿ ಕೊಡುವಂಥದ್ದು ಯಾವುದೂ ಆಗುವುದಿಲ್ಲ, ಕೆಲಸ ಗುಡ್ಡೆಬೀಳುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ. ಮನಸ್ಸು ಬಂದಮೇಲೆ ಹೋಗುತ್ತೇನೆ ಎಂದು ಕಾದರೆ ಮನಸ್ಸು ಬರುವುದಿಲ್ಲ. ಹೋಗಲು ಶುರುಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ಅದಕ್ಕೇ ಮೊದಲ ವಾರ ಏಳುವ ಸಮಯ ಒಂದನ್ನೇ ಹಿಡಿಯುವುದು. ಮಲಗುವ ಸಮಯ ಕೈಯಲ್ಲಿರುವುದಿಲ್ಲ, ಏಳುವುದು ಕೈಯಲ್ಲಿರುತ್ತದೆ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ, ಭಾನುವಾರವಾದರೂ ಅದೇ ಸಮಯಕ್ಕೆ ಎದ್ದು ಇಪ್ಪತ್ತು ನಿಮಿಷ ಬಿಸಿಲಿಗೆ ಬರಬೇಕು, ಪಿಜಿಯ ತಾರಸಿಯಾದರೂ ಸರಿ. ಮಧ್ಯಾಹ್ನ ಎರಡರ ಮೇಲೆ ಕಾಫಿ ಟೀ ಬೇಡ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹನ್ನೊಂದಕ್ಕೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಎರಡನೇ ವಾರ ದಿನಕ್ಕೆ ಒಂದೇ ಕ್ಲಾಸು, ಸುಮ್ಮನೆ ಹೋಗಿ ಕೂತು ಬಂದರೂ ಸಾಕು. ಒಂದೇ ದಿನದಲ್ಲಿ ಬೆಳಿಗ್ಗೆ ಐದಕ್ಕೆ ಏಳುವ, ಹತ್ತು ಗಂಟೆ ಓದುವ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಮೂರನೇ ದಿನಕ್ಕೆ ಮುರಿದುಬೀಳುತ್ತದೆ, ಸೋಲಿನ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಖಿನ್ನತೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಮನೋವೈದ್ಯರು ಬರೆಯುತ್ತಾರೆ. ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳೆಸುವುದು, ಚಡಪಡಿಕೆಯಂಥ ತೊಂದರೆ ಮೊದಲ ವಾರದಲ್ಲೇ ಬರಬಹುದು. ಬಹಳ ಜನ ನಿಲ್ಲಿಸಿಬಿಡುವುದು ಆಗಲೇ. ಇಪ್ಪತ್ತೈದರೊಳಗಿನವರಲ್ಲಿ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚುತ್ತಿದೆಯೇ ಎಂದು ಹತ್ತಿರದಿಂದ ನೋಡಿಕೊಳ್ಳಬೇಕು, ಆದ್ದರಿಂದ ಆ ದಿನಗಳಲ್ಲಿ ಅವಳೊಬ್ಬಳೇ ಇರಬಾರದು. ಚಟ ಹಿಡಿಸುವ ಬಗೆಯ ಔಷಧಿಗಳಲ್ಲ ಇವು, ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ ಬರುತ್ತದೆ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಅಭ್ಯಾಸ ಹಿಡಿಸುವುದು ಕೆಲವು ಬಗೆಯ ನಿದ್ದೆ ಮಾತ್ರೆಗಳು, ಕೆಲವೇ ವಾರಗಳಲ್ಲಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಅವನ್ನು ಮತ್ತೆ ಮತ್ತೆ ತರಬಾರದು.

‘ನಂಗೇನೂ ಆಗಿಲ್ಲ’ ಎನ್ನುವವಳನ್ನು ಒಪ್ಪಿಸುವುದು ಹೇಗೆ? ಥೈರಾಯ್ಡ್ ಡಾಕ್ಟರು ಎಂದು ಸುಳ್ಳು ಹೇಳಿ ಕರೆದೊಯ್ಯಬೇಡಿ, ಗುಣಪಡಿಸುವ ನಂಬಿಕೆಯೇ ಅಲ್ಲಿಗೆ ಮುಗಿಯುತ್ತದೆ. ಖಿನ್ನತೆ, ಮಾನಸಿಕ ಎಂಬ ಹೆಸರುಗಳೂ ಬೇಡ. ಅವಳಿಗೇ ಕಷ್ಟವಾಗಿರುವುದನ್ನು ಹಿಡಿಯಿರಿ: ‘ನಿದ್ದೆ ಬರದೆ ಒದ್ದಾಡ್ತಿದೀಯ, ಅದಕ್ಕೊಂದು ಸಲ ತೋರಿಸೋಣ. ಒಂದೇ ಸಲ. ಇಷ್ಟ ಆಗದಿದ್ರೆ ಬಿಡು.’ ಫೋನಿನಲ್ಲೋ ನೇರವಾಗಿಯೋ, ಮೇಡಂ ಹತ್ತಿರವೋ ಸರ್ ಹತ್ತಿರವೋ ಎಂಬ ಆಯ್ಕೆ ಅವಳದಾಗಿರಲಿ. ಅಪಾಯವಿಲ್ಲವೆಂದು ಖಚಿತವಾದ ಮೇಲೆ ದಿನಕ್ಕೆ ಐದು ಸಲ ಫೋನ್ ಮಾಡುವುದನ್ನು ಬಿಟ್ಟು ಗೊತ್ತುಪಡಿಸಿದ ಹೊತ್ತಿಗೆ ಹತ್ತು ನಿಮಿಷ ಮಾತಾಡಿ, ತೋಟದ ಸುದ್ದಿ, ಎಮ್ಮೆ ಕರು ಹಾಕಿದ ಸುದ್ದಿ. ಹರಕೆ ನಿಮ್ಮ ನೆಮ್ಮದಿ, ಅದನ್ನು ತೀರಿಸಿ, ಅದಕ್ಕೂ ಚಿಕಿತ್ಸೆಗೂ ಜಗಳವಿಲ್ಲ. ತೀರಿಸುವವರೆಗೆ ಆಸ್ಪತ್ರೆ ಬೇಡ ಎಂದು ಮಾತ್ರ ಕಾಯಬೇಡಿ.

ಓದಿನ ಮಾತು ಮೂರ್ನಾಲ್ಕು ವಾರ ಕಳೆದ ಮೇಲೆ. ಹಾಜರಾತಿಗೆ ವೈದ್ಯಕೀಯ ಪ್ರಮಾಣಪತ್ರವನ್ನು ಚಿಕಿತ್ಸೆ ಶುರುವಾದಾಗಲೇ ಪಡೆದು ಮೆಂಟರ್ ಕೈಗೆ ಕೊಡಿ, ಸೆಮಿಸ್ಟರ್ ಕೊನೆಗೆ ಓಡಾಡಿದರೆ ಕೆಲಸವಾಗುವುದಿಲ್ಲ. ಎರಡು ಬ್ಯಾಕ್‌ಗಳಲ್ಲಿ ಸುಲಭದ್ದು ಯಾವುದೋ ಅದೊಂದೇ ಮೊದಲು. ಓದು ಬಿಡಿಸಿ ಊರಿಗೆ ಕರೆತರುವ ತೀರ್ಮಾನ ಆತುರದಲ್ಲಿ ಬೇಡ: ಜೀವದ ಅಪಾಯವಿದ್ದರೆ ಕರೆತನ್ನಿ, ಇಲ್ಲದಿದ್ದರೆ ಮಾಡಲು ಏನೂ ಇಲ್ಲದ ಆರು ತಿಂಗಳು ಮತ್ತು ನೆಂಟರ ಪ್ರಶ್ನೆಗಳು ಅವಳನ್ನು ಇನ್ನೂ ಕುಗ್ಗಿಸಬಹುದು. ಊರಿಗೆ ಬಂದರೂ ಚಿಕಿತ್ಸೆ ತಪ್ಪಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ಹೊರಡುವ ಮೊದಲು ಆ ವಾರ ಬರುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.

ಮೊದಲ ಭೇಟಿಗೆ ಹೋಗುವಾಗ ಅವಳ ಆಧಾರ್ ಕಾರ್ಡ್, ರಕ್ತ ಪರೀಕ್ಷೆಯ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಮನೆತನದಲ್ಲಿ ಯಾರಿಗಾದರೂ ಇಂಥ ತೊಂದರೆ ಇದ್ದಿದ್ದರೆ ಅದರ ವಿವರ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಬೆಳಿಗ್ಗೆ ಬೇಗ ಹೋಗಿ, ಅರ್ಧ ದಿನ ಹಿಡಿಯುತ್ತದೆ. ಅವಳನ್ನು ಒಬ್ಬಳನ್ನೇ ಒಳಗೆ ಕಳಿಸಿ. ನೀವು ಹೇಳಬೇಕಾದ್ದನ್ನು, ಮುಖ್ಯವಾಗಿ ಆ ಮೆಸೇಜಿನ ಮಾತನ್ನು, ಒಂದು ಚೀಟಿಯಲ್ಲಿ ಬರೆದು ಅವಳಿಗೆ ತಿಳಿಸಿಯೇ ವೈದ್ಯರಿಗೆ ಕೊಡಿ. ಹೊರಗೆ ಬಂದ ಮೇಲೆ ‘ಏನು ಕೇಳಿದ್ರು, ಏನು ಹೇಳ್ದೆ?’ ಎನ್ನಬೇಡಿ. ಹೊಟ್ಟೆ ಹಸಿದಿರುತ್ತದೆ, ಎಲ್ಲಾದರೂ ಕೂತು ಇಬ್ಬರೂ ಊಟ ಮಾಡಿ.